ಮೇಲೆ ನೀರು ನಿಂತಿದೆ, ಒಳಗೆ ಬಾಯಾರಿಕೆ

ಕಾಫಿ ಒಣಗಿಸುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕಣದಲ್ಲಿ ಹರಡಿದ ಹಣ್ಣು ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ. ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಬೇಕು. ಗಲಗಲ ಅಂದರೆ ಒಣಗಿದೆ ಅಂತ ಲೆಕ್ಕ. ಆ ಕಾಫಿಯ ಕೆಳಗಿರುವ ಕಾಂಕ್ರೀಟ್ ಕಣದ ಕತೆ ಇದಕ್ಕೆ ಪೂರ್ತಿ ಉಲ್ಟಾ. ಮೇಲೆ ನೀರು ನಿಂತಿರುತ್ತದೆ, ಒಳಗೆ ಒಣಗಿರುತ್ತದೆ. ಅಲ್ಲಾಡಿಸಿ ನೋಡಲಿಕ್ಕೂ ಆಗುವುದಿಲ್ಲ.

ಇದನ್ನು ನಾನು ಕಾಲೇಜಿನಲ್ಲಿ ಓದಿದ್ದೆ. ಕಲಿತದ್ದು ಮಾತ್ರ ಚಿಕ್ಕಮಗಳೂರಿನ ಆಲ್ದೂರು ಹತ್ತಿರದ ಒಂದು ತೋಟದಲ್ಲಿ, ನನ್ನದೇ ತಪ್ಪಿನಿಂದ.

ನವೆಂಬರ್ ಮೊದಲ ವಾರ. ಮಳೆ ಬಿಟ್ಟಿತ್ತು, ಅರೇಬಿಕಾ ಕೊಯ್ಲು ಹತ್ತಿರ ಬಂದಿತ್ತು. 40 ಅಡಿ ಉದ್ದ, 25 ಅಡಿ ಅಗಲ, 4 ಇಂಚು ದಪ್ಪದ ಕಣ ಹಾಕಬೇಕಿತ್ತು. ತೋಟದ ಗೌಡರು, "ಖರ್ಚಿನ ಮುಖ ನೋಡ್ಬೇಡಿ, ನನ್ನ ಮೊಮ್ಮಗನ ಕಾಲಕ್ಕೂ ಇರ್ಬೇಕು" ಅಂದರು. ಆಗ ನನಗೂ ಹುಮ್ಮಸ್ಸು. ಸಿಮೆಂಟ್ ಜಾಸ್ತಿ ಹಾಕಿಸಿದೆ, ನೀರು ಕಡಿಮೆ ಮಾಡಿಸಿದೆ, ಹದ ಬರಲಿ ಅಂತ ಅಡ್‌ಮಿಕ್ಸ್ಚರ್ ಎಂಬ ರಾಸಾಯನಿಕ ಸೇರಿಸಿದೆ. ಒಂದು ಚೀಲಕ್ಕೆ ಬರೀ 17 ಲೀಟರ್ ನೀರು. ಮೇಸ್ತ್ರಿ ಬಾಂಡ್ಲಿಯಲ್ಲಿದ್ದ ಕಾಂಕ್ರೀಟನ್ನು ಕರಣೆಯಲ್ಲಿ ಒತ್ತಿ ನೋಡಿ, "ಇಷ್ಟು ಬಿಗಿ ಬೇಕಾ ಸಾರ್?" ಅಂದ. ಬೇಕು ಅಂದೆ.

ಮಾರನೇ ದಿನದಿಂದ ಪಾತಿ ಕಟ್ಟಿ 14 ದಿನ ನೀರು ನಿಲ್ಲಿಸಿದ್ದಾಯಿತು. ಕ್ಯೂರಿಂಗ್ ವಿಷಯದಲ್ಲಿ ಯಾರೂ ಬೆರಳು ತೋರಿಸುವಂತಿರಲಿಲ್ಲ. ನೀರು ಬಿಟ್ಟ ಎರಡನೇ ದಿನ ಗೌಡರ ಫೋನ್ ಬಂತು. "ಏನ್ ಸಾರ್, ಕಣದ ತುಂಬ ಜೇಡ ಬಲೆ ಕಟ್ಟಿದೆ?"

ಹೋಗಿ ನೋಡಿದರೆ ನಿಜ. ಕೂದಲೆಳೆಯಷ್ಟು ಸಣ್ಣ ಬಿರುಕುಗಳು, ಬಲೆಯ ಹಾಗೆ. ಮನೆಯ ತಾರಸಿಯಾಗಿದ್ದರೆ ಯಾರೂ ಗಮನಿಸುತ್ತಿರಲಿಲ್ಲ. ಕಾಫಿ ಕಣದಲ್ಲಿ ಹಾಗಲ್ಲ. ಬಿರುಕು ವರ್ಷವರ್ಷಕ್ಕೆ ಅಗಲವಾಗುತ್ತದೆ, ಅದರಲ್ಲಿ ಹೋದ ವರ್ಷದ ಬೀಜ, ಸಿಪ್ಪೆ ಸಿಕ್ಕಿ ಬೂಸ್ಟು ಹಿಡಿಯುತ್ತದೆ, ಆ ವಾಸನೆ ಹೊಸ ಕಾಫಿಗೆ ತಾಗುತ್ತದೆ. ಬಿರುಕಿಗೆ ಯಾವತ್ತೂ ಒಂದೇ ಕಾರಣ ಇರುವುದಿಲ್ಲ. ಕೆಳಗಿನ ನೆಲ, ಜಾಯಿಂಟಿನ ದೂರ, ಬಿಸಿಲು, ಎಲ್ಲ ಸೇರಿರುತ್ತವೆ. ಆದರೆ ಇಲ್ಲಿ ದೊಡ್ಡ ಪಾಲು ನನ್ನ 17 ಲೀಟರಿನದ್ದೇ.

ಸಿಮೆಂಟ್ ಒಣಗುವುದಿಲ್ಲ, ಕುಡಿಯುತ್ತದೆ

"ಸಿಮೆಂಟ್ ಒಣಗಿದೆ, ಇನ್ನು ಸೆಂಟ್ರಿಂಗ್ ಬಿಚ್ಚಬಹುದು" ಅಂತ ಎಲ್ಲರೂ ಹೇಳುತ್ತೇವೆ. ಮಾತಿಗೆ ಸರಿ, ವಿಷಯಕ್ಕೆ ತಪ್ಪು. ಸಿಮೆಂಟ್ ಒಣಗಿ ಗಟ್ಟಿಯಾಗುವುದಲ್ಲ, ನೀರಿನ ಜೊತೆ ಕೂಡಿ ಬೇರೆಯದೇ ಒಂದು ವಸ್ತುವಾಗಿ ಗಟ್ಟಿಯಾಗುತ್ತದೆ. ನೀರೊಳಗೆ ಮುಳುಗಿಸಿಟ್ಟರೂ ಗಟ್ಟಿಯಾಗುತ್ತದೆ. ಈ ಕೂಡಿಕೆ ನಡೆಯುವಷ್ಟು ದಿನ ನೀರು ಸಿಗುತ್ತಿರಬೇಕು. ಕ್ಯೂರಿಂಗ್ ಅಂದರೆ ಅಷ್ಟೇ.

ಎಷ್ಟು ನೀರು? ಅಮೆರಿಕದ ಪೋರ್ಟ್‌ಲ್ಯಾಂಡ್ ಸಿಮೆಂಟ್ ಅಸೋಸಿಯೇಷನ್‌ನಲ್ಲಿದ್ದ ಟಿ. ಸಿ. ಪವರ್ಸ್ 1940ರ ದಶಕದಲ್ಲೇ ಇದರ ಲೆಕ್ಕ ಹಾಕಿಟ್ಟರು. 100 ಗ್ರಾಂ ಸಿಮೆಂಟ್ ಪೂರ್ತಿ ಕೂಡಿಕೊಳ್ಳಲು ಸುಮಾರು 23 ಗ್ರಾಂ ನೀರು ಬೇಕು. ಅದರ ಮೇಲೆ ಇನ್ನೊಂದು 19 ಗ್ರಾಂ ನೀರು, ಹುಟ್ಟಿದ ವಸ್ತುವಿನ ಅತಿ ಸಣ್ಣ ತೂತುಗಳಲ್ಲಿ ಅಂಟಿಕೊಂಡು ಕೂರುತ್ತದೆ. ಅದು ಅಲ್ಲೇ ಇದ್ದರೂ ಉಳಿದ ಸಿಮೆಂಟಿಗೆ ದಕ್ಕುವುದಿಲ್ಲ. ಒಟ್ಟು 42. ಅಂದರೆ 50 ಕೆಜಿ ಚೀಲಕ್ಕೆ 21 ಲೀಟರ್. ನಾನು ಕೊಟ್ಟದ್ದು 17.

ಒಂದಷ್ಟು ಸಿಮೆಂಟ್ ಹಾಗೇ ಉಳಿದರೆ ದೊಡ್ಡ ನಷ್ಟವೇನಿಲ್ಲ, ಅದು ಒಳಗೆ ಸಣ್ಣ ಕಲ್ಲಿನ ಚೂರಿನ ಹಾಗೆ ಬಿದ್ದಿರುತ್ತದೆ. ತೊಂದರೆ ಇರುವುದು ಇನ್ನೊಂದು ಕಡೆ. ಸಿಮೆಂಟ್ ಮತ್ತು ನೀರು ಕೂಡಿ ಆಗುವ ವಸ್ತು, ಅವೆರಡೂ ಬೇರೆಬೇರೆಯಾಗಿದ್ದಾಗ ಹಿಡಿದಷ್ಟು ಜಾಗ ಹಿಡಿಯುವುದಿಲ್ಲ. 100 ಗ್ರಾಂ ಸಿಮೆಂಟಿಗೆ 6ರಿಂದ 7 ಮಿಲಿಲೀಟರ್ ಜಾಗ ಖಾಲಿಯಾಗುತ್ತದೆ. ಕಾಂಕ್ರೀಟ್ ಇನ್ನೂ ಮೆತ್ತಗಿದ್ದರೆ ಅಷ್ಟೂ ಕುಸಿದು ಸರಿಹೋಗುತ್ತದೆ. ಒಮ್ಮೆ ಬಿಗಿದ ಮೇಲೆ ಕುಸಿಯಲು ದಾರಿ ಇಲ್ಲ. ಖಾಲಿ ಜಾಗ ಒಳಗೇ ತೂತಾಗಿ ಉಳಿಯುತ್ತದೆ. ಇದ್ದ ನೀರು ದೊಡ್ಡ ತೂತು ಬಿಟ್ಟು ಸಣ್ಣ ತೂತುಗಳಿಗೆ ಹಿಂದೆ ಸರಿಯುತ್ತದೆ, ಸರಿಯುವಾಗ ತೂತಿನ ಗೋಡೆಗಳನ್ನು ಒಳಕ್ಕೆ ಎಳೆಯುತ್ತದೆ. ಬೇಸಿಗೆಯಲ್ಲಿ ಕೆರೆ ಅಂಗಳದ ಮಣ್ಣು ಸೀಳುವುದು ಇದೇ ಎಳೆತದಿಂದ. ಕೆರೆಯಲ್ಲಿ ನೀರು ಕದಿಯುವವನು ಸೂರ್ಯ. ಇಲ್ಲಿ ಹೊರಗಿನ ಕಳ್ಳನೇ ಬೇಡ, ಸಿಮೆಂಟೇ ತನ್ನ ಮನೆಯ ನೀರು ಕುಡಿದು ಮುಗಿಸುತ್ತದೆ. ಪ್ಲಾಸ್ಟಿಕ್ ಸುತ್ತಿ ಗಾಳಿ ಆಡದಂತೆ ಇಟ್ಟರೂ ಒಳಗಿನ ತೇವ ಇಳಿಯುತ್ತಲೇ ಹೋಗುತ್ತದೆ.

ಹಾಗಾದರೆ ಮೇಲೆ ನಿಂತಿದ್ದ 14 ದಿನದ ನೀರು ಏನು ಮಾಡುತ್ತಿತ್ತು? ಮೇಲಿನ ಒಂದು ಪದರವನ್ನು ನೆನೆಸುತ್ತಿತ್ತು. ನೀರು ಕಡಿಮೆ, ಸಿಮೆಂಟ್ ಜಾಸ್ತಿ ಇರುವ ಕಾಂಕ್ರೀಟಿನಲ್ಲಿ ತೂತುಗಳು ಕೆಲವೇ ದಿನದಲ್ಲಿ ಮುಚ್ಚಿಕೊಳ್ಳುತ್ತವೆ. ಆಮೇಲೆ ಹೊರಗಿನ ನೀರು ಒಳಕ್ಕೆ ಇಳಿಯುವುದು ಬಹಳ ನಿಧಾನ. ನಾವು ಒಳ್ಳೆಯದು ಅಂತ ಹೊಗಳುವ ಬಿಗಿತವೇ ಬಾಗಿಲು ಹಾಕಿಬಿಡುತ್ತದೆ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು, ಇಲ್ಲದಿದ್ದರೆ ಹಾಸನದಲ್ಲಿ ಮನೆ ಕಟ್ಟಿಸುತ್ತಿರುವವರು ಗಾಬರಿಯಾಗುತ್ತಾರೆ. ಸಾಮಾನ್ಯ ಮನೆಯ ಎಂ20 ದರ್ಜೆಯ ಮೋಲ್ಡಿಗೆ ಚೀಲಕ್ಕೆ 25 ಲೀಟರ್ ಹತ್ತಿರ ನೀರು ಬೀಳುತ್ತದೆ. ಅಲ್ಲಿ ಒಳಗೆ ನೀರಿಗೆ ಬರವಿಲ್ಲ. ಅಲ್ಲಿನ ಕಳ್ಳರು ಬಿಸಿಲು ಮತ್ತು ಗಾಳಿ. ಅದಕ್ಕೆ ಹಳೆಯ ಔಷಧಿಯೇ ಸರಿ. ಕಾಂಕ್ರೀಟಿಗೆ ಇರುವ ನಮ್ಮ ದೇಶದ ಮಾನದಂಡ ಐಎಸ್ 456 ಹೇಳುವ ಪ್ರಕಾರ ಸಾದಾ ಓಪಿಸಿ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಪಿಪಿಸಿಗೆ ಕನಿಷ್ಠ 10 ದಿನ ನೀರು. ಬಿಸಿ ಒಣಹವೆಯಲ್ಲಿ ಓಪಿಸಿಗೂ 10 ದಿನ, ಪಿಪಿಸಿಗೆ 14 ದಿನ. ಈಗ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಪಿಪಿಸಿ. ಆದರೂ "ಏಳು ದಿನ ಆಯ್ತಲ್ಲ ಸಾರ್" ಅನ್ನುವ ಹಳೇ ಲೆಕ್ಕ ಇನ್ನೂ ಹೋಗಿಲ್ಲ.

ನೀರನ್ನು ಬಚ್ಚಿಡುವುದು

ಗೋಡೆ ಕಟ್ಟುವ ಮೊದಲು ಮೇಸ್ತ್ರಿ ಇಟ್ಟಿಗೆಯನ್ನು ತೊಟ್ಟಿಯಲ್ಲಿ ನೆನೆಹಾಕುವುದನ್ನು ನೋಡಿರುತ್ತೀರಿ. ಒಣ ಇಟ್ಟಿಗೆ ಇಟ್ಟರೆ ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ, ಗಾರೆ ಪುಡಿಪುಡಿಯಾಗುತ್ತದೆ. ಅದಕ್ಕೇ ಮೊದಲೇ ಅದರ ಹೊಟ್ಟೆ ತುಂಬಿಸುತ್ತಾರೆ. ಈಗ ಇದನ್ನೇ ಒಂದು ಹೆಜ್ಜೆ ಮುಂದೆ ಯೋಚಿಸಿ. ಹೊಟ್ಟೆ ತುಂಬ ನೀರು ಕುಡಿದ ಇಟ್ಟಿಗೆ ಚೂರುಗಳನ್ನು ಕಾಂಕ್ರೀಟಿನ ಒಳಗೇ ಹಾಕಿದರೆ? ಸುತ್ತಲಿನ ಸಿಮೆಂಟ್ ಬಾಯಾರಿದಾಗ ಆ ನೀರು ಹೊರಬರುತ್ತದೆ. ಒಳಗಿನ ಕ್ಯೂರಿಂಗ್, ಸೆಲ್ಫ್ ಕ್ಯೂರಿಂಗ್ ಅಂತ ಹೆಸರಿಟ್ಟು ಹೇಳುವುದು ಇದನ್ನೇ.

ನೀರು ಯಾವ ಕಡೆಗೆ ಹರಿಯುತ್ತದೆ ಅನ್ನುವುದಕ್ಕೆ ದೀಪದ ಬತ್ತಿ ನೋಡಿ. ಹಣತೆಯ ಎಣ್ಣೆಯನ್ನು ಬತ್ತಿಯ ಸಣ್ಣ ಎಳೆಗಳು ಮೇಲಕ್ಕೆ ಎಳೆದುಕೊಳ್ಳುತ್ತವೆ. ಸಂದಿ ಸಣ್ಣದಾದಷ್ಟೂ ಎಳೆತ ಜಾಸ್ತಿ. ಇಟ್ಟಿಗೆ ಚೂರಿನ ಹಾಗೆ ನೀರು ಹೀರುವ ಹಗುರ ಜಲ್ಲಿಯ ತೂತುಗಳು ದೊಡ್ಡವು, ಗಟ್ಟಿಯಾಗುತ್ತಿರುವ ಸಿಮೆಂಟಿನ ತೂತುಗಳು ತೀರಾ ಸಣ್ಣವು. ಜಲ್ಲಿ ಹಣತೆ, ಸಿಮೆಂಟ್ ಬತ್ತಿ. ಹಾಗಾಗಿ ಖಾಲಿಯಾಗುವುದು ಜಲ್ಲಿಯ ತೂತು, ಸಿಮೆಂಟಿನದ್ದು ತುಂಬಿಯೇ ಇರುತ್ತದೆ. ತೂತಿನ ಗೋಡೆ ಎಳೆಯುವ ಬಲ ಹುಟ್ಟುವುದೇ ಇಲ್ಲ, ಅಥವಾ ತುಂಬ ಕಡಿಮೆ ಹುಟ್ಟುತ್ತದೆ.

"ಇಷ್ಟೆಲ್ಲ ಯಾಕೆ, ಮಿಕ್ಸರಿಗೇ ಇನ್ನು ನಾಲ್ಕು ಲೀಟರ್ ಜಾಸ್ತಿ ಸುರಿದರೆ ಆಯ್ತಲ್ಲ?" ಇದನ್ನು ಎಲ್ಲರೂ ಕೇಳುತ್ತಾರೆ. ಸಾರಿಗೆ ನೀರು ಬೆರೆಸುವುದಕ್ಕೂ ಊಟದ ಪಕ್ಕ ಒಂದು ಚೊಂಬು ನೀರು ಇಟ್ಟುಕೊಳ್ಳುವುದಕ್ಕೂ ಇರುವ ವ್ಯತ್ಯಾಸವೇ ಇದು. ಮಿಕ್ಸರಿನಲ್ಲಿ ಬೆರೆತ ನೀರು ಸಿಮೆಂಟಿನ ಪುಡಿಯನ್ನು ದೂರದೂರ ಇಡುತ್ತದೆ, ಹೋದ ಮೇಲೆ ಅಷ್ಟೂ ಜಾಗ ಟೊಳ್ಳು. ಕಾಂಕ್ರೀಟಿನ ಬಲ ಬಿದ್ದುಹೋಗುತ್ತದೆ. ಜಲ್ಲಿಯ ಹೊಟ್ಟೆಯಲ್ಲಿರುವ ನೀರು ಮಿಶ್ರಣದ ಲೆಕ್ಕಕ್ಕೆ ಬರುವುದಿಲ್ಲ. ಬೇಕಾದಾಗ ಬರುತ್ತದೆ, ಬೇಕಾದಷ್ಟೇ ಬರುತ್ತದೆ.

ಹಗುರ ಜಲ್ಲಿ ಹೊಸದೇನಲ್ಲ. ರೋಮಿನ ಪ್ಯಾಂಥಿಯನ್ ಗುಮ್ಮಟದ ಮೇಲ್ಭಾಗಕ್ಕೆ ಹಗುರವಾಗಲಿ ಅಂತಲೇ ಪ್ಯೂಮಿಸ್ ಎಂಬ ಜ್ವಾಲಾಮುಖಿ ಕಲ್ಲು ಬಳಸಿದ್ದಾರೆ. ಕಂಬಿಯೇ ಇಲ್ಲದೆ ಸುಮಾರು 43 ಮೀಟರ್ ಅಗಲದ ಆ ಗುಮ್ಮಟ 1,900 ವರ್ಷದಿಂದ ನಿಂತಿದೆ. ಅಮೆರಿಕದಲ್ಲಿ ಸ್ಟೀಫನ್ ಹೇಯ್ಡ್ ಎಂಬ ಇಟ್ಟಿಗೆ ತಯಾರಕ, ಗೂಡಿನಲ್ಲಿ ಜಾಸ್ತಿ ಬೆಂದು ಉಬ್ಬಿದ ಇಟ್ಟಿಗೆ ಹಗುರವಾಗಿಯೂ ಗಟ್ಟಿಯಾಗಿಯೂ ಇರುವುದನ್ನು ಗಮನಿಸಿ, ಜೇಡಿಪದರದ ಕಲ್ಲನ್ನು ಬೇಕಂತಲೇ ಉಬ್ಬಿಸಿ ಜಲ್ಲಿ ಮಾಡುವ ವಿಧಾನಕ್ಕೆ 1918ರಲ್ಲಿ ಪೇಟೆಂಟ್ ಪಡೆದ. ನಮ್ಮಲ್ಲಾದರೆ ಸೊಟ್ಟಗಾದ ಇಟ್ಟಿಗೆ ಅಂತ ಪಾಯದ ಗುಂಡಿಗೆ ಎಸೆಯುತ್ತಿದ್ದೆವು. ಆ ಜಲ್ಲಿಯಲ್ಲಿ ಎಸ್‌ಎಸ್ ಸೆಲ್ಮಾ ಎಂಬ ಕಾಂಕ್ರೀಟ್ ಹಡಗನ್ನೇ ಕಟ್ಟಿ 1919ರಲ್ಲಿ ನೀರಿಗಿಳಿಸಿದರು. ಆಗೆಲ್ಲ ಗಮನವಿದ್ದದ್ದು ತೂಕದ ಮೇಲೆ. ಅದರ ಹೊಟ್ಟೆಯ ನೀರು ಕ್ಯೂರಿಂಗಿಗೆ ಬರುತ್ತದೆ ಅನ್ನುವುದನ್ನು 1950ರ ದಶಕದಲ್ಲಿ ಗುರುತಿಸಿದರು. ಬಿಗಿ ಕಾಂಕ್ರೀಟಿಗೆ ಇದನ್ನೇ ಔಷಧಿಯಾಗಿ ಬಳಸಿ ಅಂತ ರಾಬರ್ಟ್ ಫಿಲ್ಲಿಯೊ ಸೂಚಿಸಿದ್ದು 1991ರಲ್ಲಿ. ಟೆಕ್ಸಾಸ್‌ನ ಹಚಿನ್ಸ್ ಎಂಬಲ್ಲಿ 2005ರಲ್ಲಿ ಒಂದು ದೊಡ್ಡ ರೈಲ್ವೆ ಸರಕು ಅಂಗಳಕ್ಕೆ ಸುಮಾರು 1,90,000 ಘನ ಮೀಟರ್ ಇಂಥ ಕಾಂಕ್ರೀಟ್ ಹಾಕಿದರು. ಅದೂ ಒಂಥರಾ ಕಣವೇ, ಕಾಫಿ ಇಲ್ಲ ಅಷ್ಟೇ. ಈಗ ನ್ಯೂಯಾರ್ಕ್, ಇಂಡಿಯಾನ ಕಡೆ ಸೇತುವೆಗಳ ಮೇಲ್ಹಾಸಿಗೂ ಬಳಸುತ್ತಾರೆ.

ನಮ್ಮ ಕಲ್ಲು ಕುಡಿಯುವುದಿಲ್ಲ

ನಮ್ಮ ಕಡೆ ಜಲ್ಲಿ ಅಂದರೆ ಗ್ರಾನೈಟ್. ಅದರ ಗುಣ ನೋಡಬೇಕಾದರೆ ಶ್ರವಣಬೆಳಗೊಳಕ್ಕೆ ಹೋಗಿ. 58 ಅಡಿಯ ಗೊಮ್ಮಟನಿಗೆ ಹನ್ನೆರಡು ವರ್ಷಕ್ಕೊಮ್ಮೆ ಹಾಲು, ಎಳನೀರು, ಕಬ್ಬಿನ ಹಾಲು, ಅರಿಸಿನ ಕೊಡಗಟ್ಟಲೆ ಸುರಿಯುತ್ತಾರೆ. ಎಲ್ಲ ಇಳಿದು ಕಾಲಬುಡ ಸೇರುತ್ತದೆ, ಕಲ್ಲು ಒಂದು ಗುಟುಕೂ ಕುಡಿಯುವುದಿಲ್ಲ. ಸಾವಿರ ವರ್ಷ ಬಾಳಲು ಅದೂ ಒಂದು ಕಾರಣ. ಲೆಕ್ಕದಲ್ಲಿ ಹೇಳಿದರೆ ಗ್ರಾನೈಟ್ ಜಲ್ಲಿ ತನ್ನ ತೂಕದ ಶೇ 1ರಷ್ಟೂ ನೀರು ಹೀರುವುದಿಲ್ಲ. ಹಾರುಬೂದಿಯನ್ನು ಉಂಡೆ ಮಾಡಿ ಸುಟ್ಟ ಹಗುರ ಜಲ್ಲಿ ಶೇ 15ರಿಂದ 20ರಷ್ಟು ಹೀರುತ್ತದೆ. ಈ ಹಾರುಬೂದಿ ಜಲ್ಲಿಗೆ ನಮ್ಮಲ್ಲಿ ಐಎಸ್ 9142ರ ಎರಡನೇ ಭಾಗ ಅಂತ 2018ರಲ್ಲಿ ಪ್ರತ್ಯೇಕ ಮಾನದಂಡವೂ ಬಂದಿದೆ. ಕ್ರಷರ್‌ನಲ್ಲಿ ಹೋಗಿ ಕೇಳಿದರೆ ಮಾತ್ರ ಮುಖ ಮುಖ ನೋಡುತ್ತಾರೆ.

ತೂಕದ ಲಾಭವನ್ನೂ ಹೇಳಿಬಿಡುತ್ತೇನೆ. ಕಂಬಿ ಸಮೇತ ಮಾಮೂಲಿ ಕಾಂಕ್ರೀಟ್ ಘನ ಮೀಟರಿಗೆ 2,500 ಕೆಜಿ. ಜಲ್ಲಿ ಪೂರ್ತಿ ಹಗುರದ್ದಾದರೆ 1,900ರ ಆಸುಪಾಸು. 1,000 ಚದರ ಅಡಿಯ 5 ಇಂಚಿನ ತಾರಸಿಗೆ 29 ಟನ್ ಬದಲು 22 ಟನ್. ಹಳೇ ಗೋಡೆಯ ಮೇಲೆ ಇನ್ನೊಂದು ಅಂತಸ್ತು ಎತ್ತುವವರಿಗೆ ಏಳು ಟನ್ ಸಣ್ಣ ಮಾತಲ್ಲ. ಆದರೆ ಹಗುರ ಜಲ್ಲಿ ಗ್ರಾನೈಟಿನಷ್ಟು ಗಟ್ಟಿಯಲ್ಲ, ಕಾಂಕ್ರೀಟ್ ಸ್ವಲ್ಪ ಜಾಸ್ತಿ ಬಾಗುತ್ತದೆ. ಡಿಸೈನ್ ಮಾಡದೆ ಸುಮ್ನೆ ಬದಲಾಯಿಸುವ ವಸ್ತು ಇದಲ್ಲ. ಒಳಗಿನ ಕ್ಯೂರಿಂಗಿಗೆ ಜಲ್ಲಿ ಪೂರ್ತಿ ಬದಲಾಗಬೇಕಾಗಿಯೂ ಇಲ್ಲ, ಒಂದು ಪಾಲು ಸಾಕು.

ಕಣ ಬಿರುಕು ಬಿಟ್ಟ ಮೇಲಿನ ಬೇಸಿಗೆಯಲ್ಲಿ ನನಗೆ ಹೊಳೆದದ್ದು ಹೆಂಚು. ಮಲೆನಾಡಿನಲ್ಲಿ ಹಳೇ ಮನೆ ಕೆಡವಿದ ಕಡೆಯೆಲ್ಲ ಮಂಗಳೂರು ಹೆಂಚಿನ ಒಡಕು ರಾಶಿ ಬಿದ್ದಿರುತ್ತದೆ. ಒಂದು ಚೀಲ ತಂದು ಮನೆಯ ಹಿತ್ತಲಲ್ಲಿ ಸುತ್ತಿಗೆಯಿಂದ ಕುಟ್ಟಿದೆ, ಕಡಲೆಕಾಳಿಗಿಂತ ಸಣ್ಣದಾಗಿ. ಧೂಳನ್ನು ಜರಡಿ ಹಿಡಿದು ತೆಗೆದೆ. ಬಕೆಟ್ಟಿನಲ್ಲಿ ಮೂರು ದಿನ ನೆನೆಹಾಕಿದೆ. ಮೊದಲ ಹತ್ತು ನಿಮಿಷ ಗುಳುಗುಳು ಅಂತ ಗುಳ್ಳೆ ಬರುತ್ತಲೇ ಇತ್ತು. ನೀರು ಒಳಗೆ ಹೋಗುತ್ತಿದೆ, ಗಾಳಿ ಹೊರಗೆ ಬರುತ್ತಿದೆ ಅಂತ ಅರ್ಥ. ಮೂರನೇ ದಿನ ಬಸಿದು, ಹಳೇ ಪಂಚೆಯಲ್ಲಿ ಮೇಲಿನ ಹಸಿ ಒರೆಸಿ, ಅಡುಗೆಮನೆಯ ತಕ್ಕಡಿಯಲ್ಲಿ ಸರಿಯಾಗಿ 1,000 ಗ್ರಾಂ ತೂಗಿದೆ. ಕಬ್ಬಿಣದ ಬಾಣಲೆಗೆ ಹಾಕಿ ಹುರಿದೆ. ಕಡಲೆಬೀಜ ಹುರಿದಂತೆ ಕೈಯಾಡಿಸುತ್ತಾ ಮುಕ್ಕಾಲು ಗಂಟೆ. ಹಬೆ ನಿಂತ ಮೇಲೆ ತೂಗಿದರೆ 880 ಗ್ರಾಂ. ಹೊಟ್ಟೆಯಲ್ಲಿದ್ದ ನೀರು 120 ಗ್ರಾಂ. ಒಣ ತೂಕದ ಲೆಕ್ಕದಲ್ಲಿ ಶೇ 13.6. ಬಾಣಲೆಯ ವಿಷಯದಲ್ಲಿ ಮನೆಯಲ್ಲಿ ಏನಾಯಿತು ಅನ್ನುವುದು ಬೇರೆ ಲೇಖನ.

ಈಗ ಎಷ್ಟು ಬೇಕು ಅನ್ನುವ ಲೆಕ್ಕ ಸುಲಭ. 100 ಕೆಜಿ ಸಿಮೆಂಟಿಗೆ ಖಾಲಿಯಾಗುವ ಜಾಗ ಸುಮಾರು 7 ಲೀಟರ್ ಅಂತ ಮೇಲೆ ನೋಡಿದೆವು. ಅಷ್ಟೇ ನೀರು ಬಚ್ಚಿಡಬೇಕು. 50 ಕೆಜಿ ಚೀಲಕ್ಕೆ 3.5 ಲೀಟರ್. ಶೇ 15 ಹೀರುವ ಜಲ್ಲಿಯಾದರೆ 23 ಕೆಜಿ. ಕುಡಿದದ್ದನ್ನೆಲ್ಲ ಅದು ಬಿಟ್ಟುಕೊಡುವುದಿಲ್ಲ, ಹಾಗಾಗಿ 25 ಕೆಜಿ ಇಟ್ಟುಕೊಳ್ಳಿ. ನನ್ನ ಕಣಕ್ಕೆ ಹಿಡಿದದ್ದು 75 ಚೀಲ. ಅಂದರೆ 1,900 ಕೆಜಿ ಹತ್ತಿರ ಹಗುರ ಜಲ್ಲಿ, ಅದರ ಹೊಟ್ಟೆಯಿಂದ ಹೊರಬರುವ ನೀರು 260 ಲೀಟರ್. ಒಂದು ಡ್ರಮ್ಮಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ! ಪಾತಿ ಕಟ್ಟಿ ನಿಲ್ಲಿಸಿದ ನೀರಿನ ಮುಂದೆ ಇದು ಲೆಕ್ಕಕ್ಕೇ ಇಲ್ಲ.

ಕುಡಿದರೆ ಸಾಲದು, ಬಿಡಬೇಕು ಅನ್ನುವುದು ಬಹಳ ಮುಖ್ಯ. ಅಮೆರಿಕದ ಎಎಸ್‌ಟಿಎಂ ಸಿ1761 ಮಾನದಂಡ, ಮೂರು ದಿನ ನೆನೆದ ಹಗುರ ಜಲ್ಲಿ ಸುತ್ತಲಿನ ತೇವ ಶೇ 94ಕ್ಕೆ ಇಳಿಯುವಷ್ಟರಲ್ಲಿ ತನ್ನ ನೀರಿನ ಶೇ 85ರಷ್ಟಾದರೂ ಬಿಟ್ಟುಕೊಡಬೇಕು ಅನ್ನುತ್ತದೆ. ಕೆಲವರು ಕೈತುಂಬ ಇದ್ದರೂ ಕೊಡುವುದಿಲ್ಲ, ಕೆಲವು ಜಲ್ಲಿಯೂ ಹಾಗೇ. ಅದರ ತೂತುಗಳೇ ಸಣ್ಣದಾಗಿದ್ದರೆ ಸಿಮೆಂಟ್ ಎಷ್ಟು ಎಳೆದರೂ ನೀರು ಹೊರಬರುವುದಿಲ್ಲ. ಬಾಣಲೆಯಲ್ಲಿ ಹುರಿದಾಗ ಬಂದ ನೀರೆಲ್ಲ ಕಾಂಕ್ರೀಟಿನಲ್ಲೂ ಬರುತ್ತದೆ ಅಂತಿಲ್ಲ.

ಇನ್ನೊಂದು ವಿಷಯ ದೂರ. ಜಲ್ಲಿಯಿಂದ ಹೊರಟ ನೀರು ಸಿಮೆಂಟಿನೊಳಗೆ ಕೆಲವು ಮಿಲಿಮೀಟರ್ ಮಾತ್ರ ಹೋಗಬಲ್ಲದು, ದಿನ ಕಳೆದಂತೆ ಇನ್ನೂ ಕಡಿಮೆ. ಊರಿಗೆಲ್ಲ ಒಂದೇ ದೊಡ್ಡ ಬಾವಿ ಇದ್ದರೆ ಕೊನೇ ಮನೆಯವರಿಗೆ ನೀರು ಸಿಗುವುದಿಲ್ಲ, ಓಣಿಗೊಂದು ನಲ್ಲಿ ಬೇಕು. ಅದಕ್ಕೇ 20 ಎಂಎಂ ಜಲ್ಲಿಗಿಂತ ಮರಳಿನ ಗಾತ್ರದ ಹಗುರ ಚೂರು ಮೇಲು. ಒಂದು ಪಾಲು ಎಂ ಸ್ಯಾಂಡ್ ತೆಗೆದು ಅಷ್ಟೇ ಜಾಗಕ್ಕೆ ಇದನ್ನು ಹಾಕುವುದು ರೂಢಿ. ಜಾಗದ ಲೆಕ್ಕ, ತೂಕದ ಲೆಕ್ಕವಲ್ಲ. ಇದನ್ನು ಮರೆತರೆ ಕಾಂಕ್ರೀಟೇ ಸಾಲದೆ ಹೋಗುತ್ತದೆ, ಇಲ್ಲವೇ ಉಳಿಯುತ್ತದೆ.

ಡಯಾಪರ್ ಪುಡಿ, ತೆಂಗಿನ ಚಿಪ್ಪು, ಕಾಫಿ ಚರಟ

ಜಲ್ಲಿ ಬಿಟ್ಟು ಬೇರೆ ದಾರಿಗಳೂ ಇವೆ. ಮಗುವಿನ ಡಯಾಪರ್ ಒಳಗೆ ಒಂದು ಪುಡಿ ಇರುತ್ತದಲ್ಲ, ನೀರು ಬಿದ್ದರೆ ಉಬ್ಬಿ ಲೋಳೆಯಾಗುವುದು, ಆ ಜಾತಿಯ ಸೂಪರ್ ಅಬ್ಸಾರ್ಬೆಂಟ್ ಪಾಲಿಮರ್. ಡೆನ್ಮಾರ್ಕಿನ ಯೆನ್ಸೆನ್ ಮತ್ತು ಹ್ಯಾನ್ಸೆನ್ 2001ರಲ್ಲಿ ಇದನ್ನು ಕಾಂಕ್ರೀಟಿಗೆ ತಂದರು. ಸಾದಾ ನೀರಿನಲ್ಲಿ ತನ್ನ ತೂಕದ ನೂರು ಪಟ್ಟಿಗೂ ಮೀರಿ ಹೀರುವ ಪುಡಿ, ಸಿಮೆಂಟಿನ ಉಪ್ಪುಗೂಡಿದ ನೀರಿನಲ್ಲಿ 10ರಿಂದ 20 ಪಟ್ಟಿಗೆ ಸುಸ್ತಾಗುತ್ತದೆ. ಆದರೂ ಚೀಲಕ್ಕೆ 175ರಿಂದ 350 ಗ್ರಾಂ ಸಾಕು. ಎರಡು ಟನ್ ಹೆಂಚು ಕುಟ್ಟುವ ಬದಲು ಒಂದಿಷ್ಟು ಪುಡಿ. ನೀರು ಬಿಟ್ಟ ಮೇಲೆ ಅದು ಇದ್ದ ಜಾಗ ಟೊಳ್ಳಾಗಿ ಉಳಿಯುವುದರಿಂದ ಬಲ ಸ್ವಲ್ಪ ಇಳಿಯಬಹುದು.

ಇನ್ನೊಂದು ಪಾಲಿಎಥಿಲೀನ್ ಗ್ಲೈಕಾಲ್, ಪಿಇಜಿ ಅಂತ ಕರೆಯುತ್ತಾರೆ. ಇಂಜಿನಿಯರಿಂಗ್ ಕಾಲೇಜುಗಳ ಕೊನೇ ವರ್ಷದ ಪ್ರಾಜೆಕ್ಟುಗಳಲ್ಲಿ ಇದು ಬಾರದ ವರ್ಷವಿಲ್ಲ. ಸಿಮೆಂಟಿನ ತೂಕದ ಶೇ 0.5ರಿಂದ 2ರಷ್ಟು ಬೆರೆಸುತ್ತಾರೆ. ಇದು ನೀರು ತಂದುಕೊಡುವುದಿಲ್ಲ, ಇರುವ ನೀರು ಆವಿಯಾಗದಂತೆ ಹಿಡಿದುಕೊಳ್ಳುತ್ತದೆ. ಜಲ್ಲಿ ಕೊಡುವವನು, ಇದು ಕಾವಲುಗಾರ. ಎರಡಕ್ಕೂ ಸೆಲ್ಫ್ ಕ್ಯೂರಿಂಗ್ ಅಂತ ಒಂದೇ ಹೆಸರು ಇರುವುದರಿಂದ ಗೊಂದಲ ಜಾಸ್ತಿ. ನನ್ನ ಲೆಕ್ಕದಲ್ಲಿ ಬಿಗಿ ಕಾಂಕ್ರೀಟಿನ ಒಳಬಾಯಾರಿಕೆಗೆ ಕಾವಲುಗಾರನಿಂದ ದೊಡ್ಡ ಉಪಯೋಗವಿಲ್ಲ.

ಅರಸೀಕೆರೆ ಕಡೆಯವರು ತೆಂಗಿನ ಚಿಪ್ಪಿನ ವಿಷಯ ಕೇಳುತ್ತಾರೆ. ತಮಿಳುನಾಡಿನಲ್ಲಿ ಇದರ ಮೇಲೆ ಒಳ್ಳೆಯ ಕೆಲಸ ಆಗಿದೆ. ಜಲ್ಲಿಯ ಬದಲು ಪೂರ್ತಿ ಚಿಪ್ಪಿನ ಚೂರು ಹಾಕಿ 20 ಎಂಪಿಎಗಿಂತ (ಎಂ20 ಅನ್ನುವಾಗಿನ 20 ಇದೇ) ಜಾಸ್ತಿ ಬಲ ಪಡೆದಿದ್ದಾರೆ. ಚಿಪ್ಪು ಸುಮಾರು ಶೇ 24ರಷ್ಟು ನೀರು ಹೀರುತ್ತದೆ, ನೆನೆಸಿಯೇ ಹಾಕಬೇಕು. ಚಿಪ್ಪಿಗೆ ಇದ್ದಿಲಿನವರು ಕೊಡುವ ಬೆಲೆ ನೋಡಿದರೆ ಕಾಂಕ್ರೀಟಿಗೆ ಸುರಿಯಲು ಯಾರ ಮನಸ್ಸೂ ಬರಲಿಕ್ಕಿಲ್ಲ.

ಕಾಫಿ ನಾಡಿನವರಿಗೆ ಇನ್ನೂ ಹತ್ತಿರದ್ದು ಒಂದಿದೆ. ಆಸ್ಟ್ರೇಲಿಯಾದ ಆರ್‌ಎಂಐಟಿ ವಿಶ್ವವಿದ್ಯಾಲಯದವರು ಬಳಸಿ ಬಿಸಾಡಿದ ಕಾಫಿ ಚರಟವನ್ನು 350 ಡಿಗ್ರಿಯಲ್ಲಿ, ಗಾಳಿ ಇಲ್ಲದೆ ಸುಟ್ಟು ಇದ್ದಿಲು ಮಾಡಿ, ಮರಳಿನ ಶೇ 15ರಷ್ಟು ಜಾಗಕ್ಕೆ ಹಾಕಿದರು. ಬಲ ಸುಮಾರು ಶೇ 30 ಏರಿತು ಅಂತ 2023ರಲ್ಲಿ ಪ್ರಕಟಿಸಿದರು. ಸುಡದೆ ಹಾಗೇ ಹಾಕಿದರೆ ಮಾತ್ರ ಕೆಡುತ್ತದೆ. ಚರಟದ ಸಾವಯವ ಅಂಶಗಳು ಸಿಮೆಂಟನ್ನು ಗಟ್ಟಿಯಾಗಲು ಬಿಡುವುದಿಲ್ಲ. ಸಕ್ಕರೆ ಬಿದ್ದರೆ ಸಿಮೆಂಟ್ ಹಿಡಿಯುವುದಿಲ್ಲ ಅಂತ ಹಳೇ ಮೇಸ್ತ್ರಿಗಳಿಗೆ ಗೊತ್ತು. ಒಂದು ಚೀಲಕ್ಕೆ 100 ಗ್ರಾಂ ಸಾಕು ಕೆಡಿಸಲು. ಹಾಗೇ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯಿಂದ ಬರುವ ನೀರನ್ನು ಕಾಂಕ್ರೀಟ್ ಕಲಸಲು ಅಥವಾ ಕ್ಯೂರಿಂಗಿಗೆ ಬಳಸುವ ಯೋಚನೆಯೇ ಬೇಡ. ಸಿಹಿಯೂ ಇದೆ, ಹುಳಿಯೂ ಬಂದಿರುತ್ತದೆ. ಐಎಸ್ 456ರ ಪ್ರಕಾರ ನೀರಿನ ಪಿಎಚ್ 6ಕ್ಕಿಂತ ಕೆಳಗಿರಬಾರದು, ಹುಳಿತ ಪಲ್ಪರ್ ನೀರು ಅದಕ್ಕಿಂತ ಎಷ್ಟೋ ಕೆಳಗಿರುತ್ತದೆ.

ಹೆಂಚಿನ ಸುದ್ದಿಗೆ ಬಂದರೆ, ಜಪಾನಿನ ಸಂಶೋಧಕರು 2009ರಲ್ಲಿ ತೂತು ತೂತಾದ ಸೆರಾಮಿಕ್ ತ್ಯಾಜ್ಯವನ್ನು ಜಲ್ಲಿಯ ಶೇ 40ರಷ್ಟು ಬಳಸಿ, ಅತಿ ಬಿಗಿ ಕಾಂಕ್ರೀಟಿನ ಈ ಒಳ ಕುಗ್ಗುವಿಕೆಯನ್ನು ಬಹುತೇಕ ಇಲ್ಲವಾಗಿಸಿದ್ದರು. ಬಲವೂ ಏರಿತ್ತು. ಅದನ್ನು ಓದಿದ ಮೇಲೆ ನನ್ನ ಬಾಣಲೆಯ ಬಗ್ಗೆ ನನಗೆ ಸ್ವಲ್ಪ ಗೌರವ ಬಂತು.

ಹೊರಗಿನ ಚರ್ಮ

ಒಳಗಿನ ಕ್ಯೂರಿಂಗ್ ಇದ್ದರೆ ಮೇಲೆ ಏನೂ ಮಾಡಬೇಕಾಗಿಲ್ಲ ಅಂತ ಹೇಳಿ ಮಾರುವವರಿದ್ದಾರೆ. ಅವರ ಮಾತು ಕೇಳುವ ಮೊದಲು ಒಂದು ಲೆಕ್ಕ ಮಾಡಿ. ಬಿಸಿಲು, ಗಾಳಿ ಎರಡೂ ಜೋರಿದ್ದಾಗ ಹಸಿ ಕಾಂಕ್ರೀಟಿನ ಒಂದು ಚದರ ಮೀಟರಿನಿಂದ ಗಂಟೆಗೆ ಒಂದು ಲೀಟರ್ ನೀರು ಆವಿಯಾಗಬಹುದು. ಮೇಲ್ಮೈ ಹಸಿಯಾಗಿರುವಾಗಲೇ ಬಿರುಕು ಬಿಡುವ ಅಪಾಯದ ಗಡಿ ಅದು. ಕಡೂರು, ಅರಸೀಕೆರೆ ಬಯಲಲ್ಲಿ ಮಾರ್ಚ್ ಮಧ್ಯಾಹ್ನ ಆ ಗಡಿ ತಲುಪುವುದು ಕಷ್ಟವಲ್ಲ. ನನ್ನ ಕಣ 93 ಚದರ ಮೀಟರ್. ಗಂಟೆಗೆ 93 ಲೀಟರ್. ಕಷ್ಟಪಟ್ಟು ಒಳಗೆ ಬಚ್ಚಿಟ್ಟ 260 ಲೀಟರ್, ಹಾಗೇ ಬಿಟ್ಟರೆ ಮೂರು ಗಂಟೆಗೂ ಸಾಲದು. ಒಳಗಿನ ನೀರು ಒಳಗಿನ ಬಾಯಾರಿಕೆಗೆ, ಬಿಸಿಲಿಗಲ್ಲ. ಮಟ್ಟ ಮಾಡಿ ಮುಗಿಸಿದ ಕೂಡಲೇ ಪ್ಲಾಸ್ಟಿಕ್ ಶೀಟು ಹೊದಿಸಬೇಕು, ಅಥವಾ ಕ್ಯೂರಿಂಗ್ ಕಾಂಪೌಂಡ್ ಹೊಡೆಯಬೇಕು. ಆಮೇಲೆ ಗೋಣಿತಾಟು. "ನಾಳೆ ಬೆಳಿಗ್ಗೆಯಿಂದ ನೀರು ಹೊಡೀರಿ" ಅಂತ ಹೇಳಿ ಮನೆಗೆ ಹೋಗುವುದು ನಮ್ಮ ಕಡೆಯ ಕೆಟ್ಟ ಅಭ್ಯಾಸ. ಎಷ್ಟೋ ಬಿರುಕು ಆ ನಾಳೆ ಬರುವುದರೊಳಗೇ ಹುಟ್ಟಿರುತ್ತದೆ.

ಬಳಸುವವರಿಗೆ ಕೈಕೊಡುವ ಜಾಗ ಇನ್ನೊಂದಿದೆ, ತೇವದ ಲೆಕ್ಕ. ಹಗುರ ಜಲ್ಲಿ ಅರೆಬರೆ ನೆನೆದಿದ್ದರೆ ಮಿಕ್ಸರಿನಲ್ಲೇ ನೀರು ಹೀರಿಕೊಂಡು ಹದ ಕೆಡಿಸುತ್ತದೆ. ಪಂಪಿನಲ್ಲಿ ಏರಿಸುವಾಗ ಒತ್ತಡಕ್ಕೆ ಇನ್ನಷ್ಟು ಹೀರಿ, ಪೈಪಿನಲ್ಲೇ ಕಟ್ಟಿಕೊಂಡದ್ದೂ ಉಂಟು. ಜಲ್ಲಿಯ ಮೈಮೇಲೆ ನೀರು ಸೋರುತ್ತಿದ್ದರೆ ಅದು ಮಿಶ್ರಣದ ನೀರಾಗಿ ಬಲ ಇಳಿಸುತ್ತದೆ. ನೆನೆದಿರಬೇಕು, ಆದರೆ ಮೈ ಒರೆಸಿದಂತಿರಬೇಕು. ದೊಡ್ಡ ಪ್ಲಾಂಟಿನಲ್ಲಿ ರಾಶಿಯ ಮೇಲೆ ಎರಡು ಮೂರು ದಿನ ಸ್ಪ್ರಿಂಕ್ಲರ್ ಬಿಟ್ಟು, ಆಮೇಲೆ ಬಸಿಯಲು ಬಿಡುತ್ತಾರೆ. ಕಾಫಿ ತೋಟದಲ್ಲಿ ಸ್ಪ್ರಿಂಕ್ಲರಿಗೇನೂ ಬರವಿಲ್ಲ.

ಎರಡು ವರ್ಷದ ಕೆಳಗೆ ಅದೇ ಗೌಡರು ಪಲ್ಪರ್ ಮನೆಯ ಪಕ್ಕ ಇನ್ನೊಂದು ಚಿಕ್ಕ ಕಣ ಹಾಕಿಸಿದರು. ನನ್ನನ್ನೇ ಕರೆದರು, ಅದು ಅವರ ದೊಡ್ಡತನ. ಈ ಸಲ ಚೀಲಕ್ಕೆ 22 ಲೀಟರ್ ನೀರು, ಸಿಮೆಂಟ್ ಹದವಾಗಿ, 10 ಅಡಿಗೊಂದು ಜಾಯಿಂಟು, ಬೆನ್ನಿಗೇ ಪ್ಲಾಸ್ಟಿಕ್. ಒಂದು ತುಂಡಿಗೆ ಮಾತ್ರ ನೆನೆಸಿದ ಹೆಂಚಿನ ಚೂರು ಹಾಕಲು ಗೌಡರನ್ನು ಒಪ್ಪಿಸಿದೆ. ತೋಟದ ಇಬ್ಬರು ಆಳುಗಳು ಎರಡು ದಿನ ಕುಟ್ಟಿದರು. ಕಾಫಿ ನೆನೆಸುವ ಡ್ರಮ್ಮೊಂದರಲ್ಲಿ ಮೂರು ದಿನ ನೆನೆಯಿತು.

ಹೋದ ಕೊಯ್ಲಿಗೆ ಹೋಗಿ ನೋಡಿದೆ. ಹೆಂಚಿನ ತುಂಡಿನಲ್ಲಿ ಒಂದೂ ಬಿರುಕಿಲ್ಲ. ಪಕ್ಕದ ಸಾದಾ ತುಂಡುಗಳಲ್ಲೂ ಇಲ್ಲ. ಬಲ ಅಳೆಯುವ ಕ್ಯೂಬ್ ಟೆಸ್ಟಿನಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಬಂದಿರಲಿಲ್ಲ. ನೀರು 22 ಲೀಟರ್ ಇದ್ದ ಮೇಲೆ ಒಳಗೆ ಬಾಯಾರಿಕೆಯೇ ಇರಲಿಲ್ಲವಲ್ಲ, ಹೆಂಚು ಯಾರಿಗೆ ಕುಡಿಸಬೇಕು? ಇದನ್ನೇ ಗೌಡರಿಗೆ ವಿವರಿಸಿದೆ. ಹಳೇ ಕಣದ ಹಾಗೆ 17 ಲೀಟರ್ ಹಾಕಿದ್ದರೆ ಆಗ ವ್ಯತ್ಯಾಸ ಕಾಣುತ್ತಿತ್ತು ಅಂದೆ. ಅವರು ಪಾರ್ಚ್‌ಮೆಂಟ್ ಕಾಫಿ ಕೆದಕುತ್ತಿದ್ದ ಹಲಗೆಯನ್ನು ಗೋಡೆಗೆ ಒರಗಿಸಿ, "ಮತ್ತೆ ನನ್ನ ಆಳುಗಳ ಕೈಲಿ ಎರಡು ದಿನ ಹೆಂಚು ಯಾಕೆ ಕುಟ್ಟಿಸಿದ್ರಿ?" ಅಂತ ಕೇಳಿದರು.